ಎರಡು ದಾರಿ, ಒಂದು ಕೋಣೆ

ಆ ವರದಿಯನ್ನು ನಾನು ಎರಡು ಸಲ ಬರೆದೆ. ಮೊದಲನೆಯದು ಒಂದೂವರೆ ಪುಟ. ಅದರಿಂದ ಒಬ್ಬರ ಕೆಲಸ ಹೋಯಿತು, ಕೆಲಸದ ಜೊತೆಗೆ ಇರುವ ಕೋಣೆಯೂ ಹೋಯಿತು. ಎರಡನೆಯದು ಆರು ಪುಟ. ಅದರಿಂದ ಎರಡರಲ್ಲಿ ಯಾವುದೂ ಮರಳಿ ಬರಲಿಲ್ಲ.

ನಾನು ಕೆಲಸ ಮಾಡುವುದು ಗೋವಾದ ಮಡಗಾಂವ್ ಸಮೀಪದ ಕೈಗಾರಿಕಾ ವಸಾಹತಿನಲ್ಲಿ, ಮೀನು ಮತ್ತು ಸಿಗಡಿಯನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ. ಕಾಂಪೌಂಡಿನ ಒಂದು ತುದಿಗೆ ಆಫೀಸು, ಇನ್ನೊಂದು ತುದಿಗೆ ಕೋಲ್ಡ್ ಸ್ಟೋರೇಜ್. ನಡುವೆ ಲಾರಿ ತಿರುಗುವ ಅಂಗಳ, ಹಿಂಭಾಗದಲ್ಲಿ ಜನರೇಟರ್ ಕೋಣೆ. ಕಂಪ್ಯೂಟರ್, ಜಾಲ, ಮೇಲ್ ಎಲ್ಲವೂ ನನ್ನ ಜವಾಬ್ದಾರಿ. ಇಲ್ಲಿ ಮೇಲ್ ಎಂದರೆ ಬರೀ ಪತ್ರವಲ್ಲ. ಕಂಟೇನರ್ ಹೊರಡಬೇಕಾದರೆ ಆರೋಗ್ಯ ಪ್ರಮಾಣಪತ್ರ, ಲಾಟ್ ಸಂಖ್ಯೆ, ಖರೀದಿದಾರರ ಒಪ್ಪಿಗೆ ಎಲ್ಲ ಮೇಲ್‌ನಲ್ಲೇ ಓಡಾಡಬೇಕು. ಒಂದು ಅಂಕಿ ತಪ್ಪಿದರೂ ಮಾಲು ಆಚೆಯ ಬಂದರಿನಲ್ಲಿ ನಿಲ್ಲುತ್ತದೆ.

ಒಂದು ಮಳೆಗಾಲದ ಆರಂಭದಲ್ಲಿ ಹಳೆಯ ಮೇಲ್ ಸರ್ವರ್‌ನ ಎರಡು ಡಿಸ್ಕ್‌ಗಳು ಒಂದರ ಹಿಂದೆ ಒಂದು ಕೆಟ್ಟವು. ಒಂದೂವರೆ ದಿನ ಮೇಲ್ ಇರಲಿಲ್ಲ. ಜನರಲ್ ಮ್ಯಾನೇಜರ್ ನನ್ನನ್ನು ಕರೆದು ಒಂದೇ ಮಾತು ಹೇಳಿದರು: ಇನ್ನು ಮುಂದೆ ಯಾವ ಯಂತ್ರ ಸತ್ತರೂ ಮೇಲ್ ಸಾಯಬಾರದು. ಹೊರಗಿನ ಸೇವೆಗೆ ಕೊಟ್ಟುಬಿಡೋಣ ಎಂದು ಸೂಚಿಸಿದೆ. ಮಾಲೀಕರು ಒಪ್ಪಲಿಲ್ಲ. ತಮ್ಮ ಪತ್ರವ್ಯವಹಾರ ತಮ್ಮ ಕಾಂಪೌಂಡಿನಲ್ಲೇ ಇರಬೇಕು ಎಂಬುದು ಅವರ ಹಟ. ಹಾಗಾಗಿ ವಿನ್ಯಾಸ ನನ್ನ ಪಾಲಿಗೆ ಬಂತು.

ಆ ವಿನ್ಯಾಸವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನ ತಪ್ಪೆಲ್ಲ ಅದರೊಳಗೇ ಇತ್ತು.

ಎರಡು ಸರ್ವರ್‌ಗಳು. ಒಂದು ಆಫೀಸಿನಲ್ಲಿ, ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಒಂದೊಂದಕ್ಕೂ ಆರು ಡಿಸ್ಕ್, ಯಾವ ಎರಡು ಕೆಟ್ಟರೂ ಉಳಿದ ನಾಲ್ಕರಿಂದ ಎಲ್ಲವನ್ನೂ ಮರಳಿ ಕಟ್ಟಿಕೊಳ್ಳುವಂಥ ಜೋಡಣೆ. ಕೆಲಸ ಮಾಡುವುದು ಆಫೀಸಿನದು. ಆದರೆ ಒಳಗೆ ಬಂದ ಪ್ರತಿ ಮೇಲನ್ನೂ ಅದು ತನ್ನ ಡಿಸ್ಕ್‌ಗೆ ಬರೆಯುತ್ತಲೇ ತಂತಿಯ ಮೂಲಕ ಆಚೆಯದಕ್ಕೂ ಬರೆಸುತ್ತದೆ. ಎರಡೂ ಕಡೆ ಬರೆದಾಯಿತು ಎಂದು ಖಾತ್ರಿಯಾದ ಮೇಲೆಯೇ ಕಳಿಸಿದವರಿಗೆ 'ತಲುಪಿತು' ಎಂಬ ಉತ್ತರ. ಆಫೀಸಿನ ಯಂತ್ರ ನಿಂತರೆ ಅರ್ಧ ನಿಮಿಷದೊಳಗೆ ಕೋಲ್ಡ್ ಸ್ಟೋರೇಜಿನದು ಅದೇ ಹೆಸರು, ಅದೇ ವಿಳಾಸ ಹೊತ್ತು ಒಂಟಿಯಾಗಿಯೇ ಕೆಲಸಕ್ಕೆ ನಿಲ್ಲುತ್ತದೆ. ಅಲ್ಲಿಗೆ ಬೇರೆಯೇ ಒಂದು ಮೀಸಲು ಇಂಟರ್ನೆಟ್ ಲೈನ್, ಆ ಲೈನಿನಲ್ಲಿ ಮೇಲ್ ಬರಲು ಎರಡನೆಯದೊಂದು ವಿಳಾಸ ಕೂಡ ಇತ್ತು.

ಕಷ್ಟವಿರುವುದು ಒಂದು ಕಡೆ. ಆಚೆಯ ಯಂತ್ರ ಸತ್ತಿದೆ ಎಂದು ಈಚೆಯದಕ್ಕೆ ತಿಳಿಯುವುದು ಹೇಗೆ? ಪ್ರತಿ ಸೆಕೆಂಡಿಗೆ ಎರಡೂ ಪರಸ್ಪರ ಒಂದು ಸಂಕೇತ ಕಳಿಸುತ್ತವೆ. ಸಂಕೇತ ನಿಂತರೆ ಸತ್ತಿದೆ ಎಂದರ್ಥ. ಆದರೆ ನಡುವಿನ ತಂತಿ ಹರಿದರೂ ಸಂಕೇತ ನಿಲ್ಲುತ್ತದೆ. ಆಗ ಎರಡೂ ಬದುಕಿರುತ್ತವೆ, ಎರಡೂ ಇನ್ನೊಂದು ಸತ್ತಿದೆ ಎಂದುಕೊಳ್ಳುತ್ತವೆ, ಎರಡೂ ಯಜಮಾನರಾಗಿ ಬೇರೆ ಬೇರೆ ಮೇಲ್ ತೆಗೆದುಕೊಳ್ಳುತ್ತವೆ. ಆಮೇಲೆ ಅವನ್ನು ಒಂದು ಮಾಡುವುದು ಬಹಳ ಕಷ್ಟ.

ಇದಕ್ಕೆ ಪರಿಹಾರ ನನಗೆ ಗೊತ್ತಿತ್ತು. ಮೂರನೆಯ ಒಂದು ಸಣ್ಣ ಯಂತ್ರವನ್ನು ಬೇರೆ ಜಾಗದಲ್ಲಿಟ್ಟು, ಯಾರಿಗೆ ಅದರ ಮತ ಸಿಗುತ್ತದೋ ಅವರೇ ಯಜಮಾನ ಎಂದು ಮಾಡುವುದು. ಅಥವಾ ಅಧಿಕಾರ ವಹಿಸಿಕೊಳ್ಳುವ ಯಂತ್ರ ಮೊದಲು ಇನ್ನೊಂದರ ವಿದ್ಯುತ್ತನ್ನು ತಾನೇ ಕಡಿಯುವುದು. ನನ್ನ ಮೊದಲ ಕರಡಿನಲ್ಲಿ ಎರಡೂ ಇದ್ದವು. ಮೂರನೆಯ ಯಂತ್ರಕ್ಕೆ ಜಾಗ ಹುಡುಕುವುದನ್ನು ಮುಂದಕ್ಕೆ ಹಾಕಿದೆ. ವಿದ್ಯುತ್ ಕಡಿಯುವ ಉಪಾಯವನ್ನು ಅಳವಡಿಸಿದ್ದೆ. ಆದರೆ ಪರೀಕ್ಷೆಯ ದಿನ ಅದು ಕೆಲಸದ ವೇಳೆಯಲ್ಲಿ ಆಫೀಸಿನ ಸರ್ವರ್ ಆರಿಸಿಬಿಟ್ಟಿತು, ರಫ್ತು ವಿಭಾಗದ ಮ್ಯಾನೇಜರ್ ಎಲ್ಲರೆದುರು ಕೂಗಾಡಿದರು, ನಾನು ಆ ಸೌಲಭ್ಯವನ್ನು ನಿಲ್ಲಿಸಿದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಹಾಕೋಣ ಎಂದುಕೊಂಡೆ. ಹಾಕಲಿಲ್ಲ. ಅದರ ಬದಲು ಎರಡು ಕೇಬಲ್ ಎಳೆಸಿದೆ. ಒಂದು ಅಂಗಳದ ಕೆಳಗಿನಿಂದ ನೇರ, ಇನ್ನೊಂದು ಹಿಂಭಾಗದಿಂದ ಜನರೇಟರ್ ಕೋಣೆಯನ್ನು ಹಾದು. ಎರಡೂ ಒಟ್ಟಿಗೆ ಹೋಗುವ ಸಾಧ್ಯತೆ ಇಲ್ಲ ಎಂದು ದಾಖಲೆಯಲ್ಲಿ ಬರೆದು ಅಡಿಗೆರೆ ಹಾಕಿದೆ.

ಆ ಮಳೆಗಾಲದಲ್ಲೇ ಅಂಗಳದಲ್ಲಿ ಗಟಾರ ತೋಡುವಾಗ ನೇರ ಕೇಬಲ್ ತುಂಡಾಯಿತು. ಮಳೆ ನಿಂತ ಮೇಲೆ ಹೂಳುವುದೆಂದು ತೀರ್ಮಾನವಾಗಿ, ಕೇಬಲ್ ಹಾಕುವ ಗುತ್ತಿಗೆದಾರ ಅದನ್ನೂ ತಾತ್ಕಾಲಿಕವಾಗಿ ಹಿಂಭಾಗದಿಂದಲೇ ಎಳೆದ. ಉದ್ದ ಸಾಲದೆ ಜನರೇಟರ್ ಕೋಣೆಯಲ್ಲಿ ಸಂಕೇತವನ್ನು ಮುಂದಕ್ಕೆ ದಾಟಿಸುವ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್ ಡಬ್ಬಿಗೆ ಜೋಡಿಸಿದ. ಎರಡನೆಯ ಕೇಬಲ್ಲಿನ ಡಬ್ಬಿ ಮೊದಲೇ ಅಲ್ಲಿತ್ತು. ಎರಡು ಡಬ್ಬಿಗಳೂ ಅಕ್ಕಪಕ್ಕ, ಒಂದೇ ಬೋರ್ಡಿನ ಕರೆಂಟಿನಲ್ಲಿ. ಕೆಲಸ ಮುಗಿದ ಚೀಟಿ ನನ್ನ ಮೇಜಿಗೆ ಬಂದಾಗ ಹೋಗಿ ನೋಡದೆ ಸಹಿ ಹಾಕಿದೆ. ನನ್ನ ಗೋಡೆಯ ಮೇಲಿನ ನಕ್ಷೆಯಲ್ಲಿ ಎರಡು ದಾರಿಗಳು ಎರಡಾಗಿಯೇ ಉಳಿದವು.

ಜನರೇಟರ್ ಆಪರೇಟರ್ ಇಂಡಿ ಕಡೆಯವರು. ಐವತ್ತು ದಾಟಿತ್ತು. ಡಿಚೋಲಿಯ ಗಣಿ ಲಾರಿಗಳಲ್ಲಿ ಹತ್ತಾರು ವರ್ಷ ದುಡಿದು, ಗಣಿ ನಿಂತ ಮೇಲೆ ಈ ಕೆಲಸಕ್ಕೆ ಬಂದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಕಾರ್ಮಿಕ ಗುತ್ತಿಗೆದಾರ ಕೊಟ್ಟ ಒಂದು ಕೋಣೆಯಲ್ಲಿ, ಜನರೇಟರ್ ಶೆಡ್ಡಿನ ಹಿಂದೆಯೇ, ಹೆಂಡತಿಯೊಂದಿಗೆ ಇದ್ದರು. ನನ್ನ ತಾಯಿ ತಂದೆಯೂ ಮುದ್ದೇಬಿಹಾಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಬಂದವರೇ. ಆಫೀಸಿನಲ್ಲಿ ನಾನು ಇಂಗ್ಲಿಷ್, ಹಿಂದಿ, ಕೊಂಕಣಿ ಆಡುತ್ತಿದ್ದೆ. ಕನ್ನಡ ಆಡುತ್ತಿದ್ದುದು ಆ ಶೆಡ್ಡಿನ ಬಾಗಿಲಲ್ಲಿ, ಚಹಾದ ಹೊತ್ತಿಗೆ ಮಾತ್ರ. ಮೇಲ್ ನೋಡಿಕೊಳ್ಳುವವನೆಂದು ಅವರು ನನಗೆ ಟಪಾಲ್ ಸಾಹೇಬ್ರು ಎಂದು ಹೆಸರಿಟ್ಟಿದ್ದರು.

"ಟಪಾಲ್ ಸಾಹೇಬ್ರ, ನಿಮ್ಮ ಟಪಾಲಿಗೆ ಡೀಸೆಲ್ ಬೇಕಾಗಂಗಿಲ್ಲ. ಅದಕ್ಕ ನಿಮಗ ಇಷ್ಟು ಸೊಕ್ಕು."

"ಕರೆಂಟ್ ಬೇಕಲ್ರಿ ಚಾಚಾ."

"ಅದನ್ನ ಕೊಡಾಂವ ನಾನು. ಅದಕ್ಕ ನನಗ ಸೊಕ್ಕು."

ಅವರಿಗೊಂದು ರೂಢಿಯಿತ್ತು. ಯಾವ ಸ್ವಿಚ್ ಆರಿಸಿದರೂ, ಹಚ್ಚಿದರೂ, ಯಾರನ್ನು ಕೇಳಿ ಮಾಡಿದೆ ಎಂದು ತಾಸು ನಿಮಿಷದ ಸಮೇತ ಬರೆದಿಡುವುದು. ಲಾರಿಯ ಕಾಲದಲ್ಲಿ ಅವರ ಉಸ್ತಾದ್ ಕಲಿಸಿದ್ದಂತೆ. ಇನ್ನೊಂದನ್ನೂ ಅದೇ ಉಸ್ತಾದ್ ಕಲಿಸಿದ್ದರು: ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು. ಆರತಿ ಬೆಳಗುವವರು ಪ್ಯಾಕಿಂಗ್ ವಿಭಾಗದ ಹೆಂಗಸರು. ಎಲ್ಲವನ್ನೂ ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಚೆಂಡು ಹೂವಿನ ಮಾಲೆ ಹಾಕಿ, ಪೂಜೆ ಮುಗಿದು ಎಲ್ಲರಿಗೂ ಮಂಡಕ್ಕಿ ಹಂಚುವವರೆಗೆ ಹಚ್ಚದೆ ಇರುವುದು ಚಾಚಾನ ಕೆಲಸ. ಕಂಪನಿಯ ಕರೆಂಟಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಜನರೇಟರ್ ಬೇಕಾಗುವುದು ಹೊರಗಿನ ಕರೆಂಟ್ ಹೋದಾಗ ಮಾತ್ರ.

ಆ ವರ್ಷ ಪೂಜೆಯ ದಿನ ಆಫೀಸಿಗೆ ರಜೆ. ನಾನು ಹೆಂಡತಿಯೊಂದಿಗೆ ಮಡಗಾಂವ್ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿಯ ಮುಂದೆ ನಿಂತಿದ್ದೆ. ಚಾಚಾನ ಫೋನ್ ಬಂತು. ಆ ಮಾತನ್ನು ಆಮೇಲೆ ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಒಂದು ಶಬ್ದವೂ ಹೆಚ್ಚುಕಡಿಮೆಯಾಗದಂತೆ ಬರೆಯಬಲ್ಲೆ.

"ಸಾಹೇಬ್ರ, ಪೂಜಿ ಐತಿ. ರೂಮಿನ ಬೋರ್ಡ್ ಆರಿಸಿ ಎಲ್ಲಾ ಒರಸಾಕತ್ತೇನಿ. ನಿಮ್ಮ ಮಿಣಮಿಣಾ ಡಬ್ಬಿ ಆರತಾವ. ನಡೀತೈತೇನ್ರಿ?"

"ನಡೀತೈತ್ರಿ. ಒಂದು ದಾರಿ ಹೋದ್ರ ಇನ್ನೊಂದು ಐತಿ."

"ಇನ್ನೊಂದು ಎಲ್ಲೈತ್ರಿ? ಎರಡೂ ವಾಯರ್ ಇಲ್ಲೇ ಬಂದಾವಲ್ರಿ."

ನಾನು ನಕ್ಕೆ. "ಚಾಚಾ, ನೀವು ಡೀಸೆಲ್ ನೋಡ್ಕೋರಿ. ಟಪಾಲ್ ನಾ ನೋಡ್ಕೋತೇನಿ."

"ಹಂಗಾದ್ರ ಆತ್ರಿ. ಗೇಟಿನವನ ಫ್ಯಾನೂ ನಿಂದ್ರತೈತಿ, ಅವ ಬೈತಾನ. ಹಬ್ಬದ ದಿನ ಬೈಗಳಾನೂ ಪ್ರಸಾದ ಅಂತ ತಿಳ್ಕೋತೇನಿ, ಏನ್ ಮಾಡೂದು."

ಅಷ್ಟೇ. ನಾನು ಹೂವಿನ ದರಕ್ಕೆ ಮರಳಿದೆ.

ಬೋರ್ಡ್ ಆರಿದ್ದು ಹನ್ನೊಂದು ನಲವತ್ತಕ್ಕೆ. ಮತ್ತೆ ಹಚ್ಚಿದ್ದು ಎರಡು ಐವತ್ತಕ್ಕೆ. ನನ್ನ ಮೊಬೈಲಿಗೆ ಎಚ್ಚರಿಕೆಯ ಸಂದೇಶಗಳು ಬಂದಿದ್ದವು, ಹಬ್ಬದ ಊಟದಲ್ಲಿದ್ದ ನಾನು ನೋಡಲಿಲ್ಲ. ನಾಲ್ಕರ ಹೊತ್ತಿಗೆ ರಫ್ತು ಮ್ಯಾನೇಜರ್ ಫೋನ್ ಮಾಡಿ, ತಮ್ಮ ಮೊಬೈಲಿನಲ್ಲಿ ಕಾಣುವ ಮೇಲ್ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ ಎಂದರು. ಅಷ್ಟರಲ್ಲೇ ಏನಾಗಿದೆ ಎಂದು ನನಗೆ ಅಂದಾಜಾಯಿತು. ಸ್ಕೂಟರ್ ಹತ್ತಿ ಹೋದೆ.

ಎರಡೂ ಸರ್ವರ್‌ಗಳ ದಾಖಲೆ ಒಂದೇ ಮಾತು ಹೇಳುತ್ತಿತ್ತು: ಹನ್ನೊಂದು ನಲವತ್ತರಿಂದ ಇನ್ನೊಂದು ಯಂತ್ರ ಸತ್ತಿದೆ, ಅಧಿಕಾರ ನನ್ನದು. ಮೂರು ತಾಸಿಗಿಂತ ಹೆಚ್ಚು ಹೊತ್ತು ಎರಡೂ ಬೇರೆ ಬೇರೆಯಾಗಿ ಮೇಲ್ ತೆಗೆದುಕೊಂಡಿದ್ದವು. ಈಗ ತಂತಿ ಮರಳಿ ಬಂದು ಪರಸ್ಪರ ಕಂಡರೂ ಒಂದಾಗಲು ಒಪ್ಪುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನೇ ಬರೆದಿಟ್ಟ ಪುಟವಿತ್ತು. ಎರಡನ್ನೂ ನಿಲ್ಲಿಸು. ಎರಡರ ಹೊಸ ಮೇಲ್‌ಗಳನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡು. ಹೋಲಿಸು. ಆಮೇಲೆ ಒಂದು ಬದಿಯನ್ನು ಬಿಟ್ಟುಕೊಟ್ಟು, ಇನ್ನೊಂದರಿಂದ ಪೂರ್ತಿ ಬರೆಸು, ಕೊನೆಗೆ ನಕಲಿನಿಂದ ಕಳೆದದ್ದನ್ನು ತುಂಬು. ಐದಾರು ತಾಸಿನ ಕೆಲಸ. ರಫ್ತು ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಆ ಸಂಜೆ ಒಂದು ಕಂಟೇನರ್ ಬಂದರಿಗೆ ಹೋಗಬೇಕಿತ್ತು.

"ಎಷ್ಟು ಹೊತ್ತು?" ಎಂದು ಮೂರನೆಯ ಸಲ ಕೇಳಿದರು.

ನಾನು ಆಫೀಸಿನ ಯಂತ್ರವನ್ನಷ್ಟೇ ನೋಡಿದೆ. ಇನ್ನೂರಕ್ಕೂ ಹೆಚ್ಚು ಹೊಸ ಮೇಲ್. ಕೋಲ್ಡ್ ಸ್ಟೋರೇಜಿನದು ಮೀಸಲು ಲೈನು, ರಜೆಯ ದಿನ ಅದಕ್ಕೆ ಏನು ಬಂದೀತು ಎಂದುಕೊಂಡೆ. ತೆರೆದು ನೋಡಲು ಎರಡು ನಿಮಿಷ ಸಾಕಿತ್ತು. ನೋಡಲಿಲ್ಲ. ಆ ಬದಿಯನ್ನು ಬಿಟ್ಟುಕೊಡುವ ಆಜ್ಞೆ ಕೊಟ್ಟೆ. ಖಾತ್ರಿಯೇ ಎಂದು ಯಂತ್ರ ಕೇಳಿತು. ಹೌದೆಂದು ಒತ್ತಿದೆ. ಪರದೆಯ ಮೇಲೆ ಶೇಕಡಾವಾರು ಏರತೊಡಗಿತು. ನಲವತ್ತರ ಸುಮಾರಿಗೆ ಬಂದಾಗ, ಕಳಿಸುವ ಕೆಲವು ಸರ್ವರ್‌ಗಳು ನಮ್ಮ ಮೊದಲ ವಿಳಾಸ ಸ್ವಲ್ಪ ನಿಧಾನವಾದರೂ ಕಾಯದೆ ಎರಡನೆಯದಕ್ಕೆ ಹಾಕಿಬಿಡುತ್ತವೆ ಎಂದು ನೆನಪಾಯಿತು. ಅಷ್ಟರಲ್ಲಿ ಹಳೆಯದರ ಮೇಲೆ ಹೊಸದು ಬರೆದಾಗಿತ್ತು. ಬರೆದದ್ದನ್ನು ಮರಳಿ ಪಡೆಯುವ ದಾರಿ ಇರಲಿಲ್ಲ.

"ಆಯಿತು," ಎಂದೆ. ರಫ್ತು ಮ್ಯಾನೇಜರ್ ನನ್ನ ಬೆನ್ನು ತಟ್ಟಿ ಹೋದರು.

ಮುಂದಿನ ವಾರ ಆ ಕಂಟೇನರ್ ಆಚೆಯ ಬಂದರಿನಲ್ಲಿ ನಿಂತಿತು. ಪ್ರಮಾಣಪತ್ರದಲ್ಲಿ ಒಂದು ಲಾಟ್ ಸಂಖ್ಯೆ ತಪ್ಪಿತ್ತು. ಖರೀದಿದಾರರ ಏಜೆಂಟ್ ಸಿಟ್ಟಿನಿಂದ ತಮ್ಮ ಹಳೆಯ ಮೇಲನ್ನೇ ಮತ್ತೆ ಕಳಿಸಿದರು. ತುಂಬುವ ಮೊದಲು ಆ ಸಂಖ್ಯೆ ತಿದ್ದಿ ಎಂದು ಅದರಲ್ಲಿ ಬರೆದಿತ್ತು. ಪೂಜೆಯ ದಿನ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಕಳಿಸಿದ್ದು. ನಮ್ಮ ಸರ್ವರ್ 'ತಲುಪಿತು' ಎಂದು ಉತ್ತರ ಕೊಟ್ಟಿತ್ತು. ಸುಳ್ಳೇನಲ್ಲ, ತಲುಪಿತ್ತು. ಅಳಿಸಿದವನು ನಾನು.

ಜನರಲ್ ಮ್ಯಾನೇಜರ್ ವರದಿ ಕೇಳಿದರು. ನಾನು ಒಂದೂವರೆ ಪುಟ ಬರೆದೆ. ಅದರ ಮುಖ್ಯ ವಾಕ್ಯ ಕನ್ನಡದಲ್ಲಿ ಹೀಗಾಗುತ್ತದೆ: 'ಜನರೇಟರ್ ಆಪರೇಟರ್ ಪೂರ್ವಸೂಚನೆ ಇಲ್ಲದೆ ಸಂಪರ್ಕ ಸಾಧನಗಳ ವಿದ್ಯುತ್ ಕಡಿತಗೊಳಿಸಿದ್ದರಿಂದ, ಆ ಅವಧಿಯಲ್ಲಿ ಬಂದ ಕೆಲವು ಮೇಲ್‌ಗಳನ್ನು ಉಳಿಸಿಕೊಳ್ಳಲಾಗಲಿಲ್ಲ.' ಉಳಿಸಿಕೊಳ್ಳಲಾಗಲಿಲ್ಲ ಎಂಬ ಮಾತಿಗೆ ಬಹಳ ಹೊತ್ತು ಯೋಚಿಸಿದ್ದೆ. ಅದರಲ್ಲಿ ಯಾರ ಕೈಯೂ ಕಾಣುವುದಿಲ್ಲ.

ವಿಚಾರಣೆ ಆಡಳಿತ ಮ್ಯಾನೇಜರ್ ಕೋಣೆಯಲ್ಲಿ ನಡೆಯಿತು. ಅವರು ಇಲ್ಲಿಯವರೇ, ಕೊಂಕಣಿ ಮಾತಾಡುವವರು, ಸಾಧಾರಣವಾಗಿ ಮೆತ್ತಗಿನ ಮನುಷ್ಯ. ರಫ್ತು ಮ್ಯಾನೇಜರ್ ಇದ್ದರು, ಕಾರ್ಮಿಕ ಗುತ್ತಿಗೆದಾರನಿದ್ದ. ನಾನು ಕುಳಿತಿದ್ದೆ. ಚಾಚಾ ಬಾಗಿಲ ಬಳಿ ನಿಂತಿದ್ದರು. ಯಾರನ್ನು ಕೇಳಿ ಆರಿಸಿದೆ ಎಂದು ಆಡಳಿತ ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು.

"ಸಾಬ್ ಸೇ ಪೂಛಾ ಥಾ," ಸಾಹೇಬರನ್ನು ಕೇಳಿದ್ದೆ, ಎಂದು ಚಾಚಾ ನನ್ನ ಕಡೆ ಕೈ ತೋರಿಸಿದರು. ಆಮೇಲೆ ನನ್ನತ್ತ ತಿರುಗಿ, ಶೆಡ್ಡಿನ ಬಾಗಿಲಲ್ಲಿ ಆಡುವಂತೆಯೇ ಕೇಳಿದರು: "ಸಾಹೇಬ್ರ, ನಾ ಫೋನ್ ಮಾಡಿದ್ನಲ್ರಿ? ಎರಡೂ ಇಲ್ಲೇ ಬಂದಾವ ಅಂತ ಹೇಳಿದ್ನಲ್ರಿ?"

ಎಲ್ಲರೂ ನನ್ನನ್ನು ನೋಡಿದರು. ಅವರು ಏನು ಕೇಳಿದರೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತು. ನಾನು ಹಿಂದಿಯಲ್ಲಿ ಉತ್ತರಿಸಿದೆ. ಫೋನ್ ಬಂದಿತ್ತು, ಹಬ್ಬದ ಮಾತಾಯಿತು, ಸ್ವಿಚ್ಚಿನ ವಿಷಯ ನನಗೆ ನೆನಪಿಲ್ಲ ಎಂದೆ. ಫೋನೇ ಬಂದಿಲ್ಲ ಎನ್ನಲು ಧೈರ್ಯವಿರಲಿಲ್ಲ, ಮೊಬೈಲಿನಲ್ಲಿ ಕರೆಯ ಗುರುತು ಉಳಿದಿರುತ್ತದೆ. ಸಿಕ್ಕಿಬೀಳದಷ್ಟು ಸುಳ್ಳನ್ನು ಅಳೆದು ಹೇಳಿದೆ.

ಚಾಚಾ "ಆತ್ರಿ," ಎಂದರು. ಕೊರಳಿನಿಂದ ಗೇಟ್ ಪಾಸ್ ತಾವೇ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು.

ಎರಡು ದಿನದ ನಂತರ ಅವರ ಕೋಣೆ ಖಾಲಿಯಾಯಿತು. ಟೆಂಪೋದಲ್ಲಿ ಒಂದು ಟ್ರಂಕು, ಗ್ಯಾಸ್ ಒಲೆ, ಮಡಚಿದ ಹಾಸಿಗೆ, ಅವುಗಳ ನಡುವೆ ಅವರ ಹೆಂಡತಿ ಕುಳಿತದ್ದನ್ನು ಮೇಲಿನ ಕಿಟಕಿಯಿಂದ ಕಂಡೆ. ಕೆಳಗೆ ಇಳಿಯಬೇಕಾದ ಕೆಲಸವಿತ್ತು. ಟೆಂಪೋ ಗೇಟು ದಾಟುವವರೆಗೆ ಇಳಿಯಲಿಲ್ಲ.

ವಿನ್ಯಾಸವನ್ನು ಮತ್ತೆ ಮಾಡಬೇಕೆಂದು ಆದೇಶವಾಯಿತು. ಈ ಸಲ ಮೂರನೆಯ ಯಂತ್ರ ಇಟ್ಟೆ. ಎರಡು ಕಟ್ಟಡಕ್ಕೂ ಸೇರದ ಜಾಗ ಬೇಕು, ಹಾಗಾಗಿ ಗೇಟಿನ ಕಾವಲು ಕೋಣೆಯನ್ನು ಆಯ್ದುಕೊಂಡೆ. ಅದಕ್ಕೆ ಬೇರೆಯೇ ಇಂಟರ್ನೆಟ್ ಹಾಕಿಸಿದೆ. ಅಂಗಳದ ಕೇಬಲ್ ಹೂಳಿಸಿದೆ. ಎಲ್ಲ ಕೇಬಲ್‌ಗಳನ್ನು ಈ ಸಲ ನಡೆದೇ ನೋಡಬೇಕು ಎಂದು ಆಡಳಿತ ಮ್ಯಾನೇಜರ್ ತಾವೂ ಜೊತೆಗೆ ಬಂದರು.

ಜನರೇಟರ್ ಕೋಣೆಯ ಆ ಎರಡು ಡಬ್ಬಿಗಳನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅವತ್ತೇ. ಮಾಲೆಯ ಬಾಡಿದ ಹೂವು ಇನ್ನೂ ತೂಗುತ್ತಿತ್ತು. ಒಂದು ಡಬ್ಬಿಯ ಮೇಲೆ ಟೇಪಿನಿಂದ ಕಾಗದ ಅಂಟಿಸಿತ್ತು. ನೀಲಿ ಬಾಲ್ ಪೆನ್ನಿನಲ್ಲಿ, ದಪ್ಪ ಕನ್ನಡ ಅಕ್ಷರ:

'ಎರಡೂ ವಾಯರ್ ಇಲ್ಲೇ ಬರತಾವ. ಟಪಾಲ ಸಾಹೇಬರಿಗೆ ಕೇಳದ ಆರಿಸಬಾರದು.'

ಕೆಳಗೆ, ಆಮೇಲೆ ಸೇರಿಸಿದ್ದು: 'ಖಂಡೇ ಪೂಜಿ. 11-35. ಕೇಳೇನಿ. ಹೂಂ ಅಂದಾರ.'

ಆಡಳಿತ ಮ್ಯಾನೇಜರ್ ಬಗ್ಗಿ ನೋಡಿ, "ಕಿತೆಂ ಬರಯ್ಲಾಂ ಹಾಂಗಾ?" ಎಂದು ಕೇಳಿದರು. ಏನು ಬರೆದಿದೆ ಇಲ್ಲಿ, ಎಂದು.

"ಡೀಸೆಲ್ ಹಾಕಿದ ಹೊತ್ತು," ಎಂದೆ.

ಅವರು ತಲೆಯಾಡಿಸಿ ಮುಂದಕ್ಕೆ ನಡೆದರು. ವಿಚಾರಣೆಯ ದಿನ ಎಲ್ಲರ ಕಣ್ಣು ನನ್ನ ಮೇಲಿತ್ತು, ಹೆದರಿದೆ ಎಂದುಕೊಳ್ಳಬಹುದಿತ್ತು. ಇಲ್ಲಿ ಹೆದರಿಸುವವರು ಯಾರೂ ಇರಲಿಲ್ಲ. ಸುಳ್ಳು ತಾನಾಗಿಯೇ, ಸಲೀಸಾಗಿ ಬಂತು.

ಮರುದಿನ ಬೆಳಿಗ್ಗೆ ಒಬ್ಬನೇ ಹೋದೆ. ಕಾಗದ ಕಿತ್ತುಹಾಕಲು ಹೋದದ್ದು. ಇದನ್ನು ಬೇರೆ ರೀತಿ ಹೇಳುವಂತಿಲ್ಲ. ಟೇಪು ಗಟ್ಟಿಯಾಗಿ ಅಂಟಿತ್ತು. ಉಗುರು ಹಾಕಿ ಎಳೆದಾಗ ಮೂಲೆ ಮಾತ್ರ ಹರಿದು ಬಂತು. ಕೆಳಗೆ ಇನ್ನೊಂದು ಚೀಟಿ ಕಂಡಿತು. ನಾನೇ ಯಂತ್ರದಲ್ಲಿ ಅಚ್ಚು ಹಾಕಿ ಕೇಬಲ್ಲಿನವನ ಕೈಯಲ್ಲಿ ಕಳಿಸಿದ್ದ ಇಂಗ್ಲಿಷ್ ಲೇಬಲ್: 'ಎರಡನೆಯ ಸಂಪರ್ಕ, ಸ್ವತಂತ್ರ ಮಾರ್ಗ.' ಚಾಚಾಗೆ ಇಂಗ್ಲಿಷ್ ಓದಲು ಬಾರದು. ನನ್ನ ಮಾತು ತಪ್ಪೆಂದು ತಿಳಿದು ಅದರ ಮೇಲೆ ಅಂಟಿಸಿದರೆಂದಲ್ಲ, ಅಂಟಿಸಲು ಸಮತಟ್ಟಾದ ಜಾಗ ಅದೊಂದೇ ಇತ್ತು, ಅಷ್ಟೇ. ನಾನು ಆ ಹರಿದ ಮೂಲೆಯನ್ನು ಹಿಡಿದು ನಿಂತೆ. ಆ ಡಬ್ಬಿಯ ಬಗ್ಗೆ ನಾನು ಬರೆದದ್ದು ಸುಳ್ಳು, ಅವರು ಬರೆದದ್ದು ನಿಜ. ಆ ನಿಜವನ್ನು ಓದಬಲ್ಲವನು ಈ ಕಾಂಪೌಂಡಿನಲ್ಲಿ ನಾನೊಬ್ಬನೇ, ನಾನು ಅದನ್ನು ಕೀಳುತ್ತಿದ್ದೆ.

ಮೂಲೆಯನ್ನು ಮತ್ತೆ ಅಂಟಿಸಿ ಫೋಟೋ ತೆಗೆದುಕೊಂಡೆ. ಮೇಲೆ ಹೋಗಿ ಎರಡನೆಯ ವರದಿಗೆ ಕುಳಿತೆ.

ಅದರಲ್ಲಿ ಎಲ್ಲವನ್ನೂ ಕ್ರಮವಾಗಿ ಬರೆದೆ. ಕೈಬಿಟ್ಟ ಮೂರನೆಯ ಯಂತ್ರ, ನಿಲ್ಲಿಸಿದ ರಕ್ಷಣೆ, ನೋಡದೆ ಹಾಕಿದ ಸಹಿ, ಫೋನಿನ ಮಾತು, ತೆರೆದು ನೋಡದೆ ಅಳಿಸಿದ ಮೇಲ್, ವಿಚಾರಣೆಯ ಸುಳ್ಳು, ಹಿಂದಿನ ದಿನದ ಡೀಸೆಲ್ ಸುಳ್ಳು. ಓದಿದ ಮೇಲೆ ಆಡಳಿತ ಮ್ಯಾನೇಜರ್ ಕನ್ನಡಕ ತೆಗೆದಿಟ್ಟು ಕೇಳಿದರು, "ನನ್ನ ಮುಂದೆ ನಿಂತು ಡೀಸೆಲ್ ಅಂದೆಯಲ್ಲ?"

"ಅಂದೆ ಸರ್."

"ನಿನ್ನನ್ನು ನಾನು ಕೇಳಲೇಬಾರದಿತ್ತು," ಎಂದು ಮುಖ ತಿರುಗಿಸಿದರು. ಅಂದಿನಿಂದ ಇಂದಿನವರೆಗೆ ಅವರು ನನ್ನ ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಮಾಡಿಲ್ಲ.

ನನಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು. ಕೆಲಸ ಉಳಿಯಿತು. ಈ ವ್ಯವಸ್ಥೆ ಬೇರೆ ಯಾರಿಗೂ ತಿಳಿಯದು ಎಂಬುದೊಂದೇ ಕಾರಣ. ಚಾಚಾನ ವಿಷಯಕ್ಕೆ ಕಾರ್ಮಿಕ ಗುತ್ತಿಗೆದಾರ ಕೈ ಅಲ್ಲಾಡಿಸಿದ. ಬೇರೆ ಆಪರೇಟರ್ ಬಂದಾಗಿದೆ, ಕೋಣೆಯಲ್ಲಿ ಅವನ ಸಂಸಾರ ಇಳಿದಾಗಿದೆ, ಈಗ ಅವರನ್ನು ಎಬ್ಬಿಸುವುದು ಹೇಗೆ ಎಂದ.

ಗೇಟಿನ ಕಾವಲುಗಾರನಿಗೆ ಚಾಚಾ ಎಲ್ಲಿದ್ದಾರೆಂದು ಗೊತ್ತಿತ್ತು. ವಾಳಪೈ ಹತ್ತಿರ ಒಂದು ಗೋಡಂಬಿ ಕಾರ್ಖಾನೆ. ಒಂದು ಭಾನುವಾರ ಬಸ್ಸಿನಲ್ಲಿ ಹೋದೆ. ಗೋಡಂಬಿ ಸಿಪ್ಪೆ ಸುಟ್ಟ ಕಮಟು ವಾಸನೆ ರಸ್ತೆಯವರೆಗೂ ಇತ್ತು. ಚಾಚಾ ಹಿಂಭಾಗದಲ್ಲಿ ಜನರೇಟರಿನ ಫಿಲ್ಟರ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದರು. ನನ್ನನ್ನು ಕಂಡು ಎದ್ದೇಳಲಿಲ್ಲ.

"ಬರ್ರಿ ಟಪಾಲ್ ಸಾಹೇಬ್ರ. ಇಲ್ಲಿ ಟಪಾಲ ಬರಂಗಿಲ್ಲ, ಟಪಾಲ್ ಸಾಹೇಬ್ರ ಬಂದ್ರಲ್ಲಾ."

ವರದಿಯ ಪ್ರತಿ ಮುಂದೆ ಹಿಡಿದೆ. ಕೈ ಎಣ್ಣೆಯಾಗಿದೆ ಎಂದು ತೋರಿಸಿದರು. "ಇಂಗ್ಲೀಷ್ ಅದ ಅಲ್ರಿ ಅದು? ನನಗೆಲ್ಲಿ ಬರತೈತಿ. ಓದ್ರಿ. ಕೇಳ್ತೇನಿ."

ಒಂದು ಡಬ್ಬದ ಮೇಲೆ ಕುಳಿತು, ಆರು ಪುಟವನ್ನೂ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಫಿಲ್ಟರ್ ತೊಳೆಯುತ್ತಲೇ ಇದ್ದರು. ವಿಚಾರಣೆಯ ಭಾಗ ಬಂದಾಗ ಕೈ ನಿಂತಿತು.

"ಅವತ್ತ ಹಿಂದ್ಯಾಗ ಯಾಕ್ ಹೇಳಿದ್ರಿ?"

ನಾನು ಹಾಳೆಗಳ ಅಂಚು ಜೋಡಿಸಿದೆ.

"ಸುಳ್ಳ ಹೇಳೂದಿತ್ತು, ಹೇಳಿದ್ರಿ. ಮಂದಿ ಹೇಳ್ತಾರ. ಆದ್ರ ನಾ ಕನ್ನಡದಾಗ ಕೇಳೇನಿ, ನೀವು ಹಿಂದ್ಯಾಗ ಹೇಳಿದ್ರಿ. ಈ ಮನಷ್ಯಾ ಯಾರೋ ನನಗ ಗುರ್ತ ಇಲ್ಲ ಅಂದಂಗಾತು. ನನ್ನ ಹೆಣ್ತಿಗೆ ಅದನ್ನ ಇನ್ನೂ ಹೇಳಿಲ್ಲ."

"ತಪ್ಪಾತ್ರಿ ಚಾಚಾ."

"ಮುಂದ ಓದ್ರಿ."

ಓದಿ ಮುಗಿಸಿದೆ. ಕೆಲಸ ಮರಳಿ ಸಿಗುವುದಿಲ್ಲ ಎಂಬುದನ್ನೂ ಹೇಳಿದೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದರು, "ಮತ್ತ ಆ ಮೂರನೇದು ಈಗ ಎಲ್ಲಿಟ್ರಿ?"

"ಗೇಟಿನ ರೂಮಿನ್ಯಾಗ. ಇಂಟರ್ನೆಟ್ ಬ್ಯಾರೇನ ಹಾಕಿಸೇನಿ."

"ಕರೆಂಟ್?"

"ಗೇಟಿನ ರೂಮಿಂದು."

"ಗೇಟಿನ ರೂಮಿಗೆ ಎಲ್ಲಿಂದ್ರಿ?"

ನನಗೆ ಗೊತ್ತಿರಲಿಲ್ಲ. ಯಾವ ನಕ್ಷೆಯಲ್ಲೂ ಇರಲಿಲ್ಲ.

"ಆ ಲೈನ್ ಎಳದಾಂವ ನಾನು. ಜನರೇಟರ್ ರೂಮಿನ ಅದ ಬೋರ್ಡಿಂದ." ಫಿಲ್ಟರ್ ಕೆಳಗಿಟ್ಟರು. "ಅವತ್ತ ಫೋನಿನ್ಯಾಗ ಹೇಳಿದ್ನಲ್ರಿ. ಗೇಟಿನವನ ಫ್ಯಾನೂ ನಿಂದ್ರತೈತಿ ಅಂತ."

ಹೇಳಿದ್ದರು. ಆ ಬೋರ್ಡ್ ಆರಿದರೆ ಮೂರನೆಯ ಯಂತ್ರವೂ ಆರುತ್ತದೆ. ಆ ಫೋನಿನ ಮಾತನ್ನು ಒಂದು ಶಬ್ದ ಬಿಡದಂತೆ ನೆನಪಿಟ್ಟುಕೊಂಡಿದ್ದೆ. ವರದಿಯಲ್ಲಿ ಬರೆಯುವಾಗ ಆ ಫ್ಯಾನಿನ ಮಾತನ್ನು ತಮಾಷೆ ಎಂದು ಬಿಟ್ಟಿದ್ದೆ. ಒಂದೇ ಫೋನಿನಲ್ಲಿ ಎರಡು ಎಚ್ಚರಿಕೆ ಹೇಳಿಸಿಕೊಂಡೂ ಒಂದನ್ನೂ ಕೇಳಿಸಿಕೊಂಡಿರಲಿಲ್ಲ.

ನಾನು ಕೇಳಿದೆ. "ಚಾಚಾ, ಒಂದ್ ದಿವಸ ಬಂದು ಎಲ್ಲಾ ಲೈನ್ ತೋರಸ್ತೀರೇನ್ರಿ? ನಾ ನಿಮ್ಮ ಹಿಂದ ಬರ್ತೇನಿ. ನೀವು ಹೇಳ್ರಿ, ನಾ ಬರ್ಕೋತೇನಿ."

ಅವರು ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡರು. ಒಂದೊಂದೇ ಬೆರಳು, ನಿಧಾನವಾಗಿ.

"ಬಾಯಿಲೆ ಕೇಳಬ್ಯಾಡ್ರಿ. ಬರದು ಕೇಳ್ರಿ. ಕನ್ನಡದಾಗ."

ವರದಿಯ ಕೊನೆಯ ಹಾಳೆ ತಿರುಗಿಸಿ ಮೊಣಕಾಲ ಮೇಲಿಟ್ಟು ಬರೆದೆ. ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು, ಅಕ್ಷರ ಸೊಟ್ಟಗಾದವು. ಅವರು ಬೆರಳು ಇಟ್ಟು ಓದಿದರು.

"ತಾಸು ಹಾಕ್ರಿ. ಸಹಿ ಹಾಕ್ರಿ."

ಗಡಿಯಾರ ನೋಡಿ ಹಾಕಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಸಹಿಯ ಕೆಳಗೆ, ಡಬ್ಬಿಯ ಮೇಲಿದ್ದ ಅದೇ ದಪ್ಪ ಅಕ್ಷರದಲ್ಲಿ ಬರೆದರು:

'ಕೇಳ್ಯಾರ. ಹೂಂ ಅಂದೇನಿ.'